ತಾನಾಗಿ ಆರಬಾರದ ದೀಪ

ನಾನು ನಿವೃತ್ತಳಾದ ಮೇಲೂ ನಮ್ಮ ರೇಡಿಯೊ ನಿಲಯಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಬಹಳ ಮಂದಿ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಸೈಲೆನ್ಸ್ ಅಲಾರಂಗೆ ಎಷ್ಟು ಸೆಕೆಂಡ್ ಇಡ್ಬೇಕು?" ಪ್ರಸಾರದಲ್ಲಿ ಧ್ವನಿ ನಿಂತು ಎಷ್ಟು ಹೊತ್ತಿಗೆ ಎಚ್ಚರಿಕೆ ಕೂಗಬೇಕು ಎಂಬುದು ಅವರ ಚಿಂತೆ. ಒಂದು ಅಂಕಿ ಹೇಳಿದರೆ ಅವರಿಗೆ ಸಮಾಧಾನ. ಹೇಳುತ್ತೇನೆ. ಫೋನ್ ಇಟ್ಟ ಮೇಲೆ ಮಾತ್ರ, ಹೇಳಬೇಕಾದ್ದನ್ನು ಹೇಳಲಿಲ್ಲ ಎಂದು ಮನಸ್ಸು ಕೊರೆಯುತ್ತದೆ. ಅಂಕಿಯ ಹಿಂದೆ ನಡೆದದ್ದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದರಿಂದ ನಿಮಗೆ ಉಪಯೋಗವೂ ಇಲ್ಲ.

ನಾನು ಹಿನಕಲ್‌ನವಳು. ನನ್ನ ಬಾಲ್ಯದಲ್ಲಿ ಅದಿನ್ನೂ ಹಳ್ಳಿ. ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲದ ಆಚೆಗೆ ನಿಲಯದ ಪ್ರಸಾರ ಗೋಪುರ ಎದ್ದಾಗ ಊರಿನವರೆಲ್ಲ ಹೋಗಿ ನೋಡಿ ಬಂದಿದ್ದೆವು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮೇಲೆ ಅದೇ ನಿಲಯದಲ್ಲಿ ತಾಂತ್ರಿಕ ಸಹಾಯಕಿಯ ಕೆಲಸ ಸಿಕ್ಕಿತು. ಸ್ಟುಡಿಯೊ ಇದ್ದದ್ದು ಪಕ್ಕದ ನಗರದೊಳಗೆ, ಪ್ರಸಾರ ಗೋಪುರ ಹಿನಕಲ್‌ನಲ್ಲಿ. ಎರಡರ ನಡುವೆ ಓಡಾಡುತ್ತಲೇ ನನ್ನ ತಲೆಗೂದಲು ಬೆಳ್ಳಗಾಯಿತು.

ಕೆಲಸ ಕಲಿಸಿದವರು ಪುಟ್ಟಸ್ವಾಮಿ. ನನಗಿಂತ ಕೆಲವು ವರ್ಷ ಹಿರಿಯ ತಂತ್ರಜ್ಞರು, ಮಾತು ಕಡಿಮೆ. ಆಗ ಪ್ರಸಾರ ಸರಿಯಾಗಿದೆಯೇ ಎಂದು ಕಾಯುವುದಕ್ಕೆ ಯಂತ್ರವಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಒಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪಾಳಿ ಮುಗಿಯುವ ತನಕ ಕೂರಬೇಕಿತ್ತು. ಮೊದಲ ವಾರ ನಾನು ಹಾಡಿಗೆ ತಲೆದೂಗುತ್ತ ಕೂತದ್ದನ್ನು ಕಂಡು ಅವರು ಹೇಳಿದರು, "ಹಾಡ ಕೇಳ್ಬೇಡ ಕಣಮ್ಮ. ಹಾಡಿನ ಹಿಂದೆ ಏನೈತೆ ಅಂತ ಕೇಳು." ಹಿಂದೆ ಇರುತ್ತಿದ್ದದ್ದು ಸಣ್ಣ ಗುಂಯ್‌ಗುಡುವಿಕೆ, ಎಲ್ಲೋ ಸಡಿಲಾದ ಪ್ಲಗ್ಗಿನ ಚಿಟಪಟ. ಅದನ್ನು ಹಿಡಿಯಲು ನನಗೆ ತಿಂಗಳುಗಳೇ ಬೇಕಾದವು.

ಆಮೇಲೆ ಪೆಟ್ಟಿಗೆ ಬಂತು. ನಾವೆಲ್ಲ ಅದನ್ನು ಪೆಟ್ಟಿಗೆ ಎಂದೇ ಕರೆಯುತ್ತಿದ್ದೆವು. ನಾವು ಗಾಳಿಗೆ ಬಿಟ್ಟ ಧ್ವನಿಯನ್ನು ತಾನೊಂದು ಏರಿಯಲ್ ಮೂಲಕ ಮತ್ತೆ ಹಿಡಿದು, ಶಕ್ತಿ ಎಷ್ಟಿದೆ, ಧ್ವನಿ ಇದೆಯೇ, ಎಡಗಿವಿಗೆ, ಬಲಗಿವಿಗೆ ಹೋಗುವ ಧ್ವನಿಗಳೆರಡೂ ಬರುತ್ತಿವೆಯೇ ಎಂದು ಎಡೆಬಿಡದೆ ಅಳೆಯುವ ಉಪಕರಣ ಅದು. ಅಳತೆ ಕೆಟ್ಟರೆ ಕೆಂಪು ದೀಪ ಹತ್ತಿಸುತ್ತದೆ, ಸದ್ದು ಮಾಡುತ್ತದೆ, ಪಾಳಿಯಲ್ಲಿದ್ದವರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಸ್ಟುಡಿಯೊದಿಂದ ಧ್ವನಿಯೇ ಬರದಿದ್ದರೆ ಕೇಳುಗರಿಗೆ ಖಾಲಿ ಅನ್ನಿಸದ ಹಾಗೆ ತನ್ನೊಳಗಿಟ್ಟ ಕೊಳಲು ವಾದನವನ್ನು ತಾನೇ ಹರಿಯಬಿಡುತ್ತದೆ. ಸ್ಟುಡಿಯೊ ಮತ್ತೆ ಮಾತಾಡಿದರೆ ಕೊಳಲು ನಿಲ್ಲಿಸಿ ಸ್ಟುಡಿಯೊಗೆ ದಾರಿ ಬಿಡುತ್ತದೆ. ಆದರೆ ಯಾವುದನ್ನು ಕೆಟ್ಟದ್ದು ಎನ್ನಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನಾವು ಹೇಳಿಕೊಡಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಮುಖ್ಯಸ್ಥರು ಶೇಷಾದ್ರಿ ಸರ್. ಶಿಸ್ತಿನ ಮನುಷ್ಯ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದೇ ಪೆನ್ನು. ಪೆಟ್ಟಿಗೆಯನ್ನು ಸಾಗಿಸಿ ತಂದ ದಿನ ಅವರು, "ತಯಾರಕರು ಇಟ್ಟಿರೋ ಹಾಗೇ ಇರಲಿ. ಅವರಿಗೆ ಗೊತ್ತಿರಲ್ವಾ?" ಎಂದರು. ಹಾಗೇ ಬಿಟ್ಟೆವು. ತಯಾರಕರಿಗೆ ಗೊತ್ತಿದ್ದದ್ದು ಎಡೆಬಿಡದೆ ಹಾಡು ಹಾಕುವ ನಿಲಯಗಳು. ನಮ್ಮಲ್ಲಿ ಆಲಾಪನೆ ಇತ್ತು, ನಾಟಕ ಇತ್ತು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಯೋಚಿಸುವ ಹಿರಿಯರ ಸಂದರ್ಶನಗಳಿದ್ದವು. ತಂಬೂರಿ ಮೆಲ್ಲಗಾದಾಗಲೆಲ್ಲ ಪೆಟ್ಟಿಗೆ ಕೂಗಿಕೊಳ್ಳುತ್ತಿತ್ತು.

ಆ ದಿನಗಳಲ್ಲೇ ಊರಿನ ಹಿರಿಯ ಸಂಗೀತ ವಿದ್ವಾಂಸರೊಬ್ಬರು ತೀರಿಕೊಂಡರು. ನಮ್ಮ ಉದ್ಘೋಷಕಿ ಶಾರದಮ್ಮ ಅವರ ಬಗ್ಗೆ ನಾಲ್ಕು ಮಾತು ಹೇಳಿ, "ಅವರ ನೆನಪಿಗೆ ಒಂದು ನಿಮಿಷ ಮೌನ" ಎಂದು ಸುಮ್ಮನಾದರು. ಆ ಮೌನದ ನಡುವೆ ಪೆಟ್ಟಿಗೆ ಲವಲವಿಕೆಯ ಕೊಳಲು ನುಡಿಸಿಬಿಟ್ಟಿತು. ತೀರಿಕೊಂಡವರ ಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೂತಿದ್ದರಂತೆ. ಅವರ ಮಗ ಫೋನ್ ಮಾಡಿದಾಗ ಶೇಷಾದ್ರಿ ಸರ್ ಏನು ಹೇಳಿದರೋ, ಕೋಣೆಯಿಂದ ಹೊರಗೆ ಬಂದಾಗ ಅವರ ಮುಖ ಕಪ್ಪಿಟ್ಟಿತ್ತು. ಶಾರದಮ್ಮ ಮಾತ್ರ ಯಾರನ್ನೂ ಬೈಯಲಿಲ್ಲ. ನನ್ನ ಹತ್ತಿರ ಬಂದು, "ಯಂತ್ರಕ್ಕೆ ಸಾವು ಹೇಗೆ ಗೊತ್ತಾಗುತ್ತೆ ರತ್ನ? ಇನ್ಮೇಲೆ ನಾನು ಸುಮ್ಮನಾಗೋದಿದ್ರೆ ಮೊದ್ಲೇ ಕಂಟ್ರೋಲ್ ರೂಮಿಗೆ ಹೇಳ್ತೀನಿ" ಎಂದರು. ಅಂದಿನಿಂದ ಹಾಗೇ ನಡೆದುಕೊಂಡರು.

ಶಾರದಮ್ಮನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮದುವೆಯಾಗಿರಲಿಲ್ಲ. ಅಗ್ರಹಾರದ ಒಂದು ಇಕ್ಕಟ್ಟಾದ ಬೀದಿಯಲ್ಲಿ ತಂಗಿಯ ಜೊತೆ ಇದ್ದರು. ಅವರ ಧ್ವನಿ ತೆಳುವಾಗಿಯೂ ಇರಲಿಲ್ಲ, ಗಡುಸಾಗಿಯೂ ಇರಲಿಲ್ಲ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಇರುತ್ತಿತ್ತು. ತರಕಾರಿ ಕೊಳ್ಳಲು ಹೋದರೆ ಮುಖ ಗುರುತು ಹಿಡಿಯದವರು "ಎಷ್ಟಪ್ಪಾ?" ಎಂದ ಕೂಡಲೇ ತಲೆ ಎತ್ತಿ ನೋಡುತ್ತಿದ್ದರು. ಅವರ ಮಾತು ಎಂದೂ ಅರ್ಧಕ್ಕೆ ನಿಂತದ್ದಿಲ್ಲ. ಕೆಮ್ಮು ಬಂದರೂ ವಾಕ್ಯ ಮುಗಿಸಿ ಮೈಕ್ ಮುಚ್ಚಿ ಕೆಮ್ಮುತ್ತಿದ್ದರು.

ಮೌನದ ಘಟನೆಯ ನಂತರ ಸರ್ ನನಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರು. ನಾನು ಒಂದೊಂದೇ ಅಲಾರಂ ತಿದ್ದುತ್ತ ಹೋದೆ. ಕೆಲವು ಸಲ ತಪ್ಪು ಯಂತ್ರದಲ್ಲೂ ಇರುತ್ತಿರಲಿಲ್ಲ, ನಮ್ಮಲ್ಲೂ ಇರುತ್ತಿರಲಿಲ್ಲ. ಒಂದು ಕಾಲದಲ್ಲಿ ದಿನವೂ ಕೆಲಸದ ಹೊತ್ತಿನಲ್ಲಿ ಮಾತ್ರ 'ಶಕ್ತಿ ಕುಗ್ಗಿದೆ' ಎಂಬ ಅಲಾರಂ ಬರತೊಡಗಿತು. ಗೋಪುರದ ಕೆಳಗೆ ನೋಡಿದರೆ ಎಲ್ಲ ಸರಿ. ವಾರಗಟ್ಟಲೆ ತಲೆ ಕೆಡಿಸಿಕೊಂಡೆವು. ಕೊನೆಗೆ ಪುಟ್ಟಸ್ವಾಮಿ ಸ್ಟುಡಿಯೊದ ತಾರಸಿ ಹತ್ತಿ ಏರಿಯಲ್ ನೋಡಲು ಹೋದವರು ಅಲ್ಲಿಂದಲೇ ನನ್ನನ್ನು ಕೂಗಿದರು. ಹಿನಕಲ್ ಕಡೆ ಹೊಸ ಬಹುಮಹಡಿ ಕಟ್ಟಡ ಏಳುತ್ತಿತ್ತು. ಅದರ ಕ್ರೇನ್ ನಮ್ಮ ಏರಿಯಲ್‌ಗೂ ಗೋಪುರಕ್ಕೂ ನಡುವೆ ತೋಳು ಚಾಚಿದಾಗಲೆಲ್ಲ ಪೆಟ್ಟಿಗೆಗೆ ಬರುವ ಸಂಕೇತ ಕುಗ್ಗುತ್ತಿತ್ತು. "ನಿಮ್ಮೂರು ಬೆಳೀತಾ ಐತೆ ರತ್ನಮ್ಮ, ನಿಮ್ಮ ಪೆಟ್ಟಿಗೆ ಅಳ್ತಾ ಐತೆ" ಎಂದರು. ಏರಿಯಲ್ ಇನ್ನೊಂದು ಮೂಲೆಗೆ ಸರಿಸಿದೆವು. ಅಲಾರಂ ಬಂದಾಗ ಪೆಟ್ಟಿಗೆಯನ್ನೇ ದಿಟ್ಟಿಸುತ್ತ ಕೂರಬೇಡಿ, ಎದ್ದು ಹೋಗಿ ನೋಡಿ ಎಂದು ನಾನು ನಿಮಗೆ ಹೇಳುವುದು ಇಂಥವನ್ನು ಕಂಡೇ.

ಇನ್ನೊಂದು ಸಲ ಪೆಟ್ಟಿಗೆ ಏನೂ ಹೇಳಲಿಲ್ಲ, ಆದರೂ ಪ್ರಸಾರ ಕೆಟ್ಟಿತ್ತು. ಮಂಡಿ ಮೊಹಲ್ಲಾದಲ್ಲಿ ಹಾಸಿಗೆ, ದಿಂಬು ಹೊಲಿಯುವ ಅಂಗಡಿಯ ರಹಮತ್ ಸಾಹೇಬರು ನಮ್ಮ ಹಳೆಯ ಕೇಳುಗರು. ಕೆಲಸ ಮಾಡುವಾಗ ದಿನವಿಡೀ ರೇಡಿಯೊ ಹಾಕಿರುತ್ತಿದ್ದರು. ಒಂದು ಬೆಳಿಗ್ಗೆ ಫೋನ್ ಮಾಡಿ, "ಮೇಡಂ, ತಬಲ ಬರ್ತಾ ಇದೆ, ಪಿಟೀಲು ಬರ್ತಾ ಇದೆ. ಹಾಡೋರು ಎಲ್ಲೋದ್ರು?" ಎಂದು ಕೇಳಿದರು. ನನ್ನ ಹೆಡ್‌ಫೋನಿನಲ್ಲಿ ಗಾಯಕರ ಧ್ವನಿ ಚೆನ್ನಾಗಿಯೇ ಇತ್ತು. ಅವರ ರೇಡಿಯೊ ಕೆಟ್ಟಿರಬೇಕು ಎಂದುಕೊಂಡೆ. ಆಮೇಲೆ ಕಾವಲುಗಾರ ಮಹದೇವನ ಸಣ್ಣ ರೇಡಿಯೊದಲ್ಲಿ ಕೇಳಿದರೆ ಸಾಹೇಬರು ಹೇಳಿದ್ದು ನಿಜ. ಸ್ಟುಡಿಯೊದಲ್ಲಿ ಯಾರೋ ಎರಡು ವೈರುಗಳನ್ನು ತಿರುಗುಮುರುಗಾಗಿ ಬೆಸೆದಿದ್ದರು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಕೇಳಿದರೆ ಏನೂ ತೊಂದರೆಯಿಲ್ಲ. ಒಂದೇ ಸ್ಪೀಕರಿನ ಸಣ್ಣ ರೇಡಿಯೊ ಎರಡನ್ನೂ ಕೂಡಿಸುತ್ತದೆ. ಕೂಡಿಸಿದಾಗ ಎರಡರಲ್ಲೂ ಸಮನಾಗಿದ್ದ ಗಾಯಕರ ಧ್ವನಿ ಒಂದನ್ನೊಂದು ಅಳಿಸಿಹಾಕುತ್ತಿತ್ತು. ಪೆಟ್ಟಿಗೆಗೆ ನಾನು ಎಡ, ಬಲ ನೋಡು ಎಂದಿದ್ದೆನೇ ಹೊರತು ಕೂಡಿಸಿ ನೋಡು ಎಂದಿರಲಿಲ್ಲ. ಅಂದು ಆ ಅಲಾರಮನ್ನೂ ಸೇರಿಸಿದೆ. ಸಾಹೇಬರಿಗೆ ಫೋನ್ ಮಾಡಿ ಹೇಳಿದಾಗ, "ಬಂದ್ರು ಬಿಡಿ ಮೇಡಂ, ಈಗ ಹಾಡ್ತಾ ಇದಾರೆ" ಎಂದರು.

ಇಷ್ಟಾಗುವ ಹೊತ್ತಿಗೆ ನಮ್ಮಲ್ಲಿ ಅಲಾರಂಗಳು ಹೆಚ್ಚಾಗಿಬಿಟ್ಟಿದ್ದವು. ಏನಾದರೂ ತಪ್ಪಿ ಹೋದೀತೆಂಬ ಭಯದಲ್ಲಿ ನಾನು ಎಲ್ಲದಕ್ಕೂ ಅಲಾರಂ ಇಟ್ಟಿದ್ದೆ. ಕರೆಂಟ್ ಮಿಣುಕಿದರೂ ಕೆಂಪು ದೀಪ, ಉದ್ಘೋಷಕರು ಹಾಳೆ ತಿರುಗಿಸಲು ತಡಮಾಡಿದರೂ ಕೆಂಪು ದೀಪ. ಒಮ್ಮೆ ದೀಪ ಹತ್ತಿತೆಂದರೆ ಯಾರಾದರೂ ಗುಂಡಿ ಒತ್ತಿ ನಂದಿಸುವವರೆಗೆ ಉರಿಯುತ್ತಲೇ ಇರುತ್ತಿತ್ತು. ಕಂಟ್ರೋಲ್ ರೂಮಿನವರು ಬೇಸತ್ತು ನೋಡದೆಯೇ ಗುಂಡಿ ಒತ್ತುವ ಅಭ್ಯಾಸ ಮಾಡಿಕೊಂಡರು. ಯಾರೋ ಪುಣ್ಯಾತ್ಮರು ಸದ್ದು ಮಾಡುವ ಬಝರಿನ ವೈರನ್ನೇ ಕಿತ್ತುಹಾಕಿದ್ದರು. ಶೇಷಾದ್ರಿ ಸರ್ ಅವರ ಮೊಬೈಲಿಗೂ ಸಂದೇಶಗಳು ಹೋಗುತ್ತಿದ್ದವು. ಒಂದು ದಿನ ನನ್ನನ್ನು ಕೋಣೆಗೆ ಕರೆದರು.

"ರತ್ನ, ಧ್ವನಿ ವಾಪಸ್ ಬಂದ ಮೇಲೆ ದೀಪ ಯಾಕೆ ಉರೀಬೇಕು? ಸರಿಹೋದ್ರೆ ಅದೇ ಆರಿಹೋಗೋ ಹಾಗೆ ಮಾಡಿ."

"ಸರ್, ಸೈಲೆನ್ಸ್ ಅಲಾರಂಗೆ ಅದು ಬೇಡ. ಕೊಳಲು ಬಂದ ಕೂಡಲೇ ಪೆಟ್ಟಿಗೆ ಧ್ವನಿ ಬಂತು ಅಂದುಕೊಳ್ಳುತ್ತೆ. ಸ್ಟುಡಿಯೊದಲ್ಲಿ ಏನಾಯ್ತು ಅಂತ ಯಾರೂ ನೋಡಿರಲ್ಲ."

"ಕೇಳುಗರಿಗೆ ತೊಂದರೆ ಆಗಿಲ್ವಲ್ಲ. ಅದಕ್ಕೇ ತಾನೇ ಕೊಳಲು ಇಟ್ಟಿರೋದು?"

"ಕೇಳುಗರಿಗೆ ಆಗಿಲ್ಲ ಸರ್."

ಅವರು ಮೊಬೈಲಿನ ಸಂದೇಶಗಳ ಸಾಲನ್ನು ನನ್ನ ಕಡೆ ತಿರುಗಿಸಿದರು. "ಇಷ್ಟು ಸಲ ಕೂಗಿದ್ರೆ ನಿಜವಾಗಿ ಕೂಗಿದಾಗ ಯಾರೂ ಕೇಳಲ್ಲ. ನನ್ನ ಮಾತು ಕೇಳಿ, ಮಾಡಿ" ಎಂದರು. ಆ ಮಾತಿನಲ್ಲೂ ಸತ್ಯವಿತ್ತು. ಅಂದೇ ಹಾಗೆ ಬದಲಾಯಿಸಿಕೊಟ್ಟೆ. ಕಂಟ್ರೋಲ್ ರೂಮು ಶಾಂತವಾಯಿತು. ಎಲ್ಲರೂ ನನಗೆ ಥ್ಯಾಂಕ್ಸ್ ಹೇಳಿದರು.

ಪೆಟ್ಟಿಗೆಯ ಮೇಲೆ ನಂಬಿಕೆ ಬಂದಂತೆ ಭಾನುವಾರದ ಪಾಳಿ ಚಿಕ್ಕದಾಯಿತು. ಸ್ಟುಡಿಯೊದಲ್ಲಿ ಉದ್ಘೋಷಕರು ಒಬ್ಬರೇ, ಊರೊಳಗಿನ ಸ್ಟುಡಿಯೊಗೂ ಹಿನಕಲ್ ಗೋಪುರಕ್ಕೂ ಸೇರಿ ತಂತ್ರಜ್ಞರು ಒಬ್ಬರೇ. ಆ ಭಾನುವಾರ ಮಧ್ಯಾಹ್ನ ಪಾಳಿಯಲ್ಲಿದ್ದವರು ಪುಟ್ಟಸ್ವಾಮಿ. ಅವರು ಹಿನಕಲ್‌ಗೆ ಹೋಗಿ ಜನರೇಟರ್ ಓಡಿಸಿ ನೋಡುತ್ತಿದ್ದರು. ಸ್ಟುಡಿಯೊದಲ್ಲಿ ಶಾರದಮ್ಮ ಹಾಡುಗಳ ಕಾರ್ಯಕ್ರಮ ನಡೆಸುತ್ತಿದ್ದರು. ಒಂದು ಹಾಡು ಮುಗಿಯಿತು. ಅವರು ಮುಂದಿನ ಹಾಡಿನ ಬಗ್ಗೆ ಹೇಳಲು ಶುರುಮಾಡಿ, ಒಂದು ಪದದ ನಡುವೆ ನಿಂತುಬಿಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೊಳಲು.

ನಾನು ರಜೆಯಲ್ಲಿದ್ದೆ. ನನ್ನ ಮನೆ ಆಗ ಸ್ಟುಡಿಯೊಗೆ ಬಹಳ ಹತ್ತಿರ. ಊಟದ ಪಾತ್ರೆ ತೊಳೆಯುತ್ತಿದ್ದಾಗ ಮಹದೇವ ಫೋನ್ ಮಾಡಿದ. "ಮೇಡಂ, ಯಾರೋ ಸಾಬ್ರು ಗೇಟ್ ತಾವ ಬಂದು ಒಳಗ್ ಬಿಡಿ ಅಂತ ನಿಂತವ್ರೆ. ಶಾರದಮ್ಮಾವ್ರು ಮಾತ್ ನಿಲ್ಸ್‌ಬುಟ್ರು ಅಂತವ್ರೆ. ಬಾಗ್ಲು ತಟ್ಟುದ್ರೆ ಒಳಗ್ಲಿಂದ ಕೇಳ್ತಿಲ್ಲ, ಕೆಂಪು ಲೈಟ್ ಉರೀತೈತೆ. ತಗೀಲಾ?" ಮೈಕ್ ತೆರೆದಿದೆ ಎಂದು ಸೂಚಿಸುವ ದೀಪ ಬಾಗಿಲ ಮೇಲೆ ಇರುತ್ತದೆ. ಅದು ಉರಿಯುವಾಗ ಯಾರೂ ಬಾಗಿಲು ತೆಗೆಯಕೂಡದು ಎಂದು ಅವನಿಗೆ ನಾವೇ ಹೇಳಿದ್ದೆವು. ನಾನು ಒದ್ದೆ ಕೈಯಲ್ಲೇ ಓಡಿದೆ.

ಗೇಟಿನಲ್ಲಿ ರಹಮತ್ ಸಾಹೇಬರಿದ್ದರು. ಅಷ್ಟು ವರ್ಷ ಧ್ವನಿಯಷ್ಟೇ ಗೊತ್ತಿದ್ದವರನ್ನು ಮೊದಲ ಸಲ ನೋಡಿದ್ದು. ಅಂಗಿಯ ಮೇಲೆಲ್ಲ ಹತ್ತಿಯ ಎಳೆ. ಸ್ಟುಡಿಯೊ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡಿ, ಯಾರೂ ಎತ್ತದಿದ್ದಾಗ ಅಂಗಡಿಯನ್ನು ತೆರೆದೇ ಬಿಟ್ಟು ಸ್ಕೂಟರ್ ಹತ್ತಿ ಬಂದಿದ್ದರು. "ಅಮ್ಮಾವ್ರು ಅರ್ಧಕ್ಕೆ ಮಾತು ಬಿಡೋರಲ್ಲ ಮೇಡಂ" ಎಂದರು, ಅಷ್ಟೆ. ನಾನು ಅವರನ್ನೂ ಕರೆದುಕೊಂಡು ಒಳಗೆ ಹೋದೆ. ಕಾರಿಡಾರಿನ ಸ್ಪೀಕರಿನಲ್ಲಿ ಕೊಳಲು ಇಂಪಾಗಿ ಬರುತ್ತಿತ್ತು. ಕಂಟ್ರೋಲ್ ರೂಮಿನ ಗಾಜಿನಾಚೆ ಪೆಟ್ಟಿಗೆಯ ಕೆಂಪು ದೀಪ ತಾನಾಗಿ ಆರಿ, ಎಲ್ಲ ಸರಿ ಎನ್ನುವ ಹಸಿರು ಉರಿಯುತ್ತಿತ್ತು.

ಸ್ಟುಡಿಯೊ ಬಾಗಿಲು ತಳ್ಳಿದೆ. ಶಾರದಮ್ಮ ಕುರ್ಚಿಯಿಂದ ಜಾರಿ ಮೇಜಿಗೂ ಗೋಡೆಗೂ ನಡುವೆ ಬಿದ್ದಿದ್ದರು. ಕಣ್ಣು ತೆರೆದಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ ಯಾರದೋ ಕೈಯ ಹಾಗೆ ಬಿದ್ದಿತ್ತು. "ಶಾರದಮ್ಮ, ನಾನು ರತ್ನ. ನನ್ನ ಕಡೆ ನೋಡಿ. ಶಾರದಮ್ಮ, ಕೇಳಿಸ್ತಿದ್ಯಾ?" ಎಂದೆ. ಆ ಕ್ಷಣಕ್ಕೆ ಕಾರಿಡಾರಿನಲ್ಲಿ ಕೊಳಲು ನಿಂತಿತು. ಅಲ್ಲಿಂದ ನನ್ನದೇ ಧ್ವನಿ ಕೇಳಿಬಂತು. ಮೈಕ್ ತೆರೆದೇ ಇತ್ತು. ಸ್ಟುಡಿಯೊ ಮತ್ತೆ ಮಾತಾಡಿತೆಂದು ತಿಳಿದು ಪೆಟ್ಟಿಗೆ ನಮಗೆ ದಾರಿ ಬಿಟ್ಟಿತ್ತು. ನಾನು ಅವರ ಹೆಸರು ಹಿಡಿದು ಕರೆದದ್ದು ಇಡೀ ಊರಿಗೆ ಕೇಳಿಸಿತು. ಮೇಜಿನ ಮೇಲಕ್ಕೆ ಚಾಚಿ ಮೈಕ್ ಮುಚ್ಚಿದೆ, ಸಿದ್ಧವಿದ್ದ ಹಾಡನ್ನು ಹಾಕಿದೆ. "ನೀವು ಫೋನ್ ಮಾಡಿ ಮೇಡಂ, ತಲೆ ನಾನ್ ಹಿಡ್ಕೊತೀನಿ" ಎಂದು ಸಾಹೇಬರು ನೆಲದಲ್ಲಿ ಕೂತು ಅವರ ತಲೆಯನ್ನು ಮಡಿಲಿಗೆ ತೆಗೆದುಕೊಂಡರು. ಶಾರದಮ್ಮ ಅವರ ಮುಖ ನೋಡಿ ಏನೋ ಹೇಳಲು ಹೋದರು. ಬರೀ ಗಾಳಿ ಬಂತು.

ಆಂಬುಲೆನ್ಸ್ ಹೊರಡುವ ಹೊತ್ತಿಗೆ ಪುಟ್ಟಸ್ವಾಮಿ ಬಂದರು. ಜನರೇಟರ್ ನಿಲ್ಲಿಸಿ ಗೋಪುರದ ಕೆಳಗಿನ ಯಂತ್ರದ ಕೋಣೆಗೆ ಕಾಲಿಟ್ಟಾಗ ಸ್ಪೀಕರಿನಲ್ಲಿ ನನ್ನ ಧ್ವನಿ ಕೇಳಿ ಬೈಕ್ ಹತ್ತಿದ್ದರಂತೆ. ಜೇಬಿನಿಂದ ಮೊಬೈಲ್ ತೆಗೆದು ನನಗೆ ತೋರಿಸಿದರು. ಎರಡು ಸಂದೇಶಗಳು ಒಂದರ ಕೆಳಗೊಂದು ಇದ್ದವು. ಧ್ವನಿ ಇಲ್ಲ. ಧ್ವನಿ ಸರಿಹೋಗಿದೆ. "ಸರೋಯ್ತು ಅಂತ ಬಂದಿತ್ತು ಕಣಮ್ಮ. ಅದ ನೋಡಿ ಜೇಬಿಗೆ ಹಾಕ್ಕೊಬುಟ್ಟೆ" ಎಂದರು. ಆಮೇಲೆ ಬಹಳ ಹೊತ್ತು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಕಾಫಿ ತಂದುಕೊಟ್ಟರೆ ಕುಡಿಯಲಿಲ್ಲ.

ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು. ಇನ್ನೂ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ಇನ್ನೂ ಮುಂಚೆ ತಂದಿದ್ದರೆ ಮಾತು ಉಳಿಯುತ್ತಿತ್ತೇ ಎಂದು ತಂಗಿ ಕೇಳಿದಾಗ, ಅವರು ಕೈಯಲ್ಲಿದ್ದ ಚೀಟಿ ತಿರುವಿ ಔಷಧಿ ಕೊಡಬೇಕಾದ ಹೊತ್ತನ್ನು ಹೇಳತೊಡಗಿದರು.

ಮೇಲಿನ ಕಚೇರಿಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯರೇ, ಆದರೆ ವರದಿ ಬೇಗ ಮುಗಿಸಿ ಹೋಗುವ ಆತುರ. ಅಲಾರಂ ಬಂದಿದೆ, ಸಂದೇಶ ತಲುಪಿದೆ, ಪಾಳಿಯಲ್ಲಿದ್ದವರು ಕ್ರಮ ಕೈಗೊಂಡಿಲ್ಲ. ಅವರ ಪ್ರಕಾರ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಪುಟ್ಟಸ್ವಾಮಿಯವರ ನಿವೃತ್ತಿ ಹತ್ತಿರದಲ್ಲಿತ್ತು. ಶಿಸ್ತುಕ್ರಮ ಎಂದಾದರೆ ಅದು ಅವರ ಪಿಂಚಣಿಯನ್ನೇ ಮುಟ್ಟುತ್ತಿತ್ತು. ಅವರು ಮಾತ್ರ, "ನಾನ್ ಓಗಿ ನೋಡ್ಬೇಕಿತ್ತು ಸಾರ್" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು.

ನಾನು ಪೆಟ್ಟಿಗೆಯ ಮುಂದೆ ಅಧಿಕಾರಿಯನ್ನು ಕೂರಿಸಿ, ಸ್ಟುಡಿಯೊದ ಧ್ವನಿ ಕಡಿದು ತೋರಿಸಿದೆ. ಕೆಂಪು ದೀಪ ಹತ್ತಿತು, ಕೊಳಲು ಬಂತು, ದೀಪ ಹಸಿರಾಯಿತು. "ಈಗ ಹೊರಗಿಂದ ಬಂದೋರಿಗೆ ಇಲ್ಲಿ ಏನೋ ಆಗಿತ್ತು ಅಂತ ಗೊತ್ತಾಗುತ್ತಾ ಸರ್?" ಎಂದೆ. ಅವರು ಇನ್ನೊಮ್ಮೆ ಮಾಡಿ ತೋರಿಸಿ ಎಂದರು. ತೋರಿಸಿದೆ.

"ಇದು ತಾನಾಗಿ ಆರೋ ಹಾಗೆ ಇಟ್ಟೋರು ಯಾರು?"

ಹಾಗೆ ಬದಲಾಯಿಸಿದ ಕೈ ನನ್ನದೇ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಶೇಷಾದ್ರಿ ಸರ್ ಹೇಳಿದರು, "ನಾನು. ಇವರು ಬೇಡ ಅಂದ್ರು. ನಾನೇ ಮಾಡಿಸಿದೆ. ಭಾನುವಾರಕ್ಕೆ ಒಬ್ಬರೇ ಸಾಕು ಅಂತ ಮಾಡಿದ್ದೂ ನಾನೇ. ಪುಟ್ಟಸ್ವಾಮಿ ಹೆಸರು ವರದೀಲಿ ಬೇಡ."

ಅಧಿಕಾರಿ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು. ಸರ್ ಅವರನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಆ ದಿನದ ನಂತರ ಬೈಯಲು ಆಗಲಿಲ್ಲ.

ಅವರಿಗೆ ವರ್ಗಾವಣೆಯಾಯಿತು. ಪುಟ್ಟಸ್ವಾಮಿಯವರ ಮೇಲೆ ಯಾವ ಕ್ರಮವೂ ಆಗಲಿಲ್ಲ. ಹೊರಡುವ ಮೊದಲು ಸರ್ ಕಂಟ್ರೋಲ್ ರೂಮಿಗೆ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. "ಹೇಗಿಡಬೇಕು ಅಂತೀರೋ ಹಾಗೆ ಇಡಿ. ನಾನಿರೋವಾಗಲೇ ಆಗ್ಲಿ" ಎಂದರು. ಆ ದಿನ ನಾವಿಬ್ಬರೂ ಸಾಯಂಕಾಲದ ತನಕ ಕೂತು ಒಂದೊಂದೇ ಅಲಾರಂ ತೆಗೆದು ನೋಡಿದೆವು. ಪ್ರತಿಯೊಂದಕ್ಕೂ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇದು ಬಂದ್ರೆ ಯಾರು ಎದ್ದು ಎಲ್ಲಿಗೆ ಹೋಗ್ಬೇಕು?" ಉತ್ತರವಿಲ್ಲದ ಅಲಾರಂಗಳನ್ನೆಲ್ಲ ತೆಗೆದುಹಾಕಿದೆವು. ಅರ್ಧಕ್ಕಿಂತ ಹೆಚ್ಚು ಹೋದವು. ಅವುಗಳಲ್ಲಿ ಬಹುಪಾಲು ನಾನು ಭಯದಿಂದ ಇಟ್ಟಿದ್ದವು. ಆಲಾಪನೆಗೆ, ನಾಟಕಕ್ಕೆ, ಬರೀ ಮಾತಿನ ಕಾರ್ಯಕ್ರಮಕ್ಕೆ ಬೇರೆ ಬೇರೆ ಕಾಯುವ ಹೊತ್ತು ನಿಗದಿ ಮಾಡಿದೆವು. ಸೈಲೆನ್ಸ್ ಅಲಾರಂ ಮಾತ್ರ ಕೊಳಲು ಬಂದರೂ, ಧ್ವನಿ ಮರಳಿದರೂ ಆರಕೂಡದು. ಅದನ್ನು ನಂದಿಸುವ ಗುಂಡಿಯನ್ನು ಕಂಟ್ರೋಲ್ ರೂಮಿನಿಂದ ಕಿತ್ತು ಸ್ಟುಡಿಯೊದ ಒಳಗೆ, ಬಾಗಿಲ ಪಕ್ಕದ ಗೋಡೆಗೆ ಹಾಕಿಸಿದೆವು. ಮನುಷ್ಯರು ಅಲ್ಲಿಗೆ ಹೋಗಿ ಮನುಷ್ಯರ ಮುಖ ನೋಡದೆ ಆ ದೀಪ ಆರುವಂತಿಲ್ಲ. ಭಾನುವಾರದ ಪಾಳಿಗೂ ಇಬ್ಬರಾದರು.

ಕೆಲಸ ಮುಗಿದ ಮೇಲೆ ಸರ್ ನನ್ನನ್ನು ಕರೆದುಕೊಂಡು ಮಂಡಿ ಮೊಹಲ್ಲಾಗೆ ಹೋದರು. ರಹಮತ್ ಸಾಹೇಬರು ದೊಡ್ಡ ಸೂಜಿ ಹಿಡಿದು ಹಾಸಿಗೆಯೊಂದರ ಅಂಚು ಹೊಲಿಯುತ್ತಿದ್ದರು. ಸರ್ ಕೈಮುಗಿದರು. ಸಾಹೇಬರಿಗೆ ಸಂಕೋಚವಾಯಿತು. "ನಾನೇನ್ ಮಾಡ್ದೆ ಸಾರ್? ಪಕ್ಕದ ಮನೇಲಿ ಮಾತಾಡ್ತಿದ್ದೋರು ಇದ್ದಕ್ಕಿದ್ದಂಗೆ ಸುಮ್ಮನಾದ್ರೆ ಹೋಗಿ ನೋಡಲ್ವಾ?" ಎಂದು ನಮಗೆ ಕೂರಲು ಹೊಸ ದಿಂಬು ಹಾಕಿಕೊಟ್ಟರು.

ಹೊಸ ಪದ್ಧತಿಗೆ ಗೊಣಗಾಟ ಬರದೆ ಇರಲಿಲ್ಲ. ಪ್ರತಿ ಸಲ ಎದ್ದು ಹೋದರೆ ಬಹಳ ಸಲ ಕಾಣಿಸುತ್ತಿದ್ದದ್ದು ನೀರು ಕುಡಿಯುತ್ತಿರುವ ಉದ್ಘೋಷಕರು, ಇಲ್ಲವೇ ಕೆಳಗೆ ಬಿದ್ದ ಕನ್ನಡಕ ಹುಡುಕುತ್ತಿರುವವರು. ಕಿರಿಯರು ಮುಖ ಗಂಟುಹಾಕಿ ಹಿಂತಿರುಗುತ್ತಿದ್ದರು. ಪುಟ್ಟಸ್ವಾಮಿ ಒಮ್ಮೆಯೂ ಗೊಣಗಲಿಲ್ಲ. ನಿವೃತ್ತಿಯ ದಿನದವರೆಗೂ, ದೀಪ ಹತ್ತಿದರೆ ತಿನ್ನುತ್ತಿದ್ದ ತುತ್ತು ಬಿಟ್ಟು ಏಳುತ್ತಿದ್ದರು. ಬಾಗಿಲು ತೆಗೆದು ನೋಡಿ, ಒಳಗಿದ್ದವರು ಕೈಸನ್ನೆಯಲ್ಲಿ ಸರಿಯಿದೆ ಎಂದರೂ ಒಂದು ಗಳಿಗೆ ನಿಂತು, ಆಮೇಲೆ ಗುಂಡಿ ಒತ್ತುತ್ತಿದ್ದರು.

ಶಾರದಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಲವು ತಿಂಗಳು ಯಾರನ್ನೂ ನೋಡಲು ಒಪ್ಪಲಿಲ್ಲ. ಊರಿಗೆಲ್ಲ ಗೊತ್ತಿದ್ದ ಧ್ವನಿ ಹೋಗಿ ಉಳಿದದ್ದನ್ನು ಯಾರಿಗೂ ಕೇಳಿಸುವುದು ಅವರಿಗೆ ಬೇಡವಾಗಿತ್ತು. ಕೊನೆಗೊಮ್ಮೆ ತಂಗಿ ಫೋನ್ ಮಾಡಿ, "ಅಕ್ಕ ನಿಮ್ಮನ್ನ ಬರಹೇಳಿದಾಳೆ" ಎಂದರು.

ಅಗ್ರಹಾರದ ಆ ಮನೆಯ ನಡುಮನೆಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ಸೆರಗಿನೊಳಗೆ. ಮಾತು ಮರಳುತ್ತಿತ್ತು, ಆದರೆ ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಬಹಳ ದೂರ. "ಯಾರು..." ಎಂದರು. ನಾನು ಅವಸರದಲ್ಲಿ, "ಯಾರು ಬಂದಿದಾರೆ ಅಂತಲಾ? ಯಾರೂ ಇಲ್ಲ, ನಾನೊಬ್ಬಳೇ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ತಂಗಿ ಅಡುಗೆಮನೆಯ ಬಾಗಿಲಿನಿಂದ, "ಹೇಳ್ಕೊಡ್ಬೇಡಿ ಕಣ್ರೀ. ಕಾಯಿರಿ, ಅವಳೇ ಹೇಳ್ತಾಳೆ" ಎಂದರು.

ಕಾದೆ. ಹೊರಗೆ ಯಾರದೋ ಸೈಕಲ್ ಬೆಲ್ಲು, ಸೊಪ್ಪಿನವಳ ಕೂಗು ಹಾದುಹೋದವು. ಮಾತಿನ ನಡುವಿನ ಖಾಲಿಯನ್ನು ತಪ್ಪು ಎಂದು ಎಣಿಸಿ ಸಂಬಳ ತೆಗೆದುಕೊಂಡವಳು ನಾನು. ಸುಮ್ಮನೆ ಕೂರುವುದು ಕಷ್ಟವಾಯಿತು. ಕೈಗಳನ್ನು ಮಡಿಲಿನಲ್ಲಿ ಒತ್ತಿ ಹಿಡಿದುಕೊಂಡೆ.

"ಯಾರು... ಮಾತಾಡ್ತಾರೆ... ಭಾನುವಾರ?"

ಹೊಸದಾಗಿ ಒಂದು ಹುಡುಗಿ ಬಂದಿದ್ದಾಳೆ ಎಂದೆ. ಹೇಗಿದ್ದಾಳೆ ಎಂಬಂತೆ ಹುಬ್ಬು ಎತ್ತಿದರು. ಧ್ವನಿ ಚೆನ್ನಾಗಿದೆ, ಓದು ಇದೆ, ಆದರೆ ಅಲಾರಂಗೆ ಹೆದರಿ ಎಲ್ಲೂ ನಿಲ್ಲಿಸುವುದೇ ಇಲ್ಲ, ರೈಲಿನ ಹಾಗೆ ಓಡುತ್ತಾಳೆ ಎಂದೆ. ಶಾರದಮ್ಮ ಮುಖದ ಒಂದು ಪಕ್ಕದಲ್ಲಿ ನಕ್ಕರು. ಎಡಗೈ ಎತ್ತಿ ತಮ್ಮ ಎದೆಯ ಮೇಲಿಟ್ಟುಕೊಂಡರು. ಈ ಸಲ ನಾನು ಏನೂ ಊಹಿಸಲು ಹೋಗಲಿಲ್ಲ.

"ಉಸಿರು... ತಗೊ... ಅಂತ... ಹೇಳು" ಎಂದರು.

ಮುಂದಿನ ಭಾನುವಾರ ಕಾರ್ಯಕ್ರಮಕ್ಕೆ ಮೊದಲು ನಾನು ಆ ಹುಡುಗಿಯನ್ನು ಕೂರಿಸಿಕೊಂಡು, ಆ ಮಾತನ್ನು, ಯಾರು ಹೇಳಿ ಕಳಿಸಿದ್ದು ಎಂಬುದನ್ನೂ ಸೇರಿಸಿ, ಹೇಳಿದೆ. ಅವಳು ಸ್ಟುಡಿಯೊಗೆ ಹೋದ ಮೇಲೆ ನಾನು ಕಂಟ್ರೋಲ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡೆ. ಮೊದಲ ಹಾಡು ಮುಗಿಯಿತು. ಅವಳು ಕೇಳುಗರಿಗೆ ನಮಸ್ಕಾರ ಹೇಳಿದಳು. ಅದಾದ ಮೇಲೆ, ಎರಡು ವಾಕ್ಯಗಳ ನಡುವೆ, ಅವಳು ಉಸಿರು ತೆಗೆದುಕೊಂಡದ್ದು ಕೇಳಿಸಿತು.